ಕಮೊಡೋರ್ 64ರಲ್ಲಿ ಸರಣಿ ಸಂವಹನ

ದತ್ತಾಂಶವನ್ನು ಒಂದರ ಹಿಂದೊಂದು ಬಿಟ್‌ನಂತೆ ಸಾಗಿಸುವ ಕ್ರಮಕ್ಕೆ ಸರಣಿ ಸಂವಹನ ಎಂದು ಹೆಸರು. 1982ರಲ್ಲಿ ಬಿಡುಗಡೆಯಾದ ಗೃಹಬಳಕೆಯ ಗಣಕಯಂತ್ರ ಕಮೊಡೋರ್ 64ರಲ್ಲಿ ಮೋಡೆಮ್ ಜೋಡಿಸಲು ಈ ಕ್ರಮವನ್ನು ಬಳಸಲಾಗುತ್ತಿತ್ತು. ಇದಕ್ಕೆ ಮೀಸಲಾದ ಚಿಪ್ (ಯುಎಆರ್‌ಟಿ) ಈ ಯಂತ್ರದಲ್ಲಿಲ್ಲ. ಆದ್ದರಿಂದ ದೋಷರಹಿತ ಸಂವಹನದ ವೇಗವು ಮುಖ್ಯವಾಗಿ ಪ್ರೊಸೆಸರ್‌ಗೆ ದೊರೆಯುವ ಸಮಯವನ್ನು ಅವಲಂಬಿಸಿದೆ.

ಮೂಲ ವ್ಯವಸ್ಥೆ

ಯಂತ್ರದ ಕರ್ನಲ್ ತಂತ್ರಾಂಶವು 6551 ಚಿಪ್‌ನ ಕೆಲಸವನ್ನು ಅನುಕರಿಸುತ್ತದೆ. ಯೂಸರ್ ಪೋರ್ಟ್‌ನಲ್ಲಿ ಆರಂಭದ ಬಿಟ್ ಕಾಣಿಸಿಕೊಂಡಾಗ 6526 (ಸಿಐಎ) ಚಿಪ್ ಇಂಟರಪ್ಟ್ ನೀಡುತ್ತದೆ. ಅನಂತರ ಅದರ ಟೈಮರ್ ಪ್ರತಿ ಬಿಟ್‌ಗೂ ಪ್ರೊಸೆಸರ್‌ನ ಕೆಲಸಕ್ಕೆ ತಡೆಯೊಡ್ಡುತ್ತದೆ. ಸೆಕೆಂಡಿಗೆ 300 ಬಿಟ್‌ಗಳ ವೇಗದಲ್ಲಿ ಇದು ಸುಗಮವಾಗಿ ನಡೆದರೂ 2400ರಲ್ಲಿ ನಂಬಲರ್ಹವಲ್ಲ. ಪೋರ್ಟ್‌ನ ಸಂಕೇತಗಳು 0–5 ವೋಲ್ಟ್‌ನವು. ಆದ್ದರಿಂದ ಆರ್‌ಎಸ್-232 ಸಾಧನಗಳಿಗೆ ವೋಲ್ಟೇಜ್ ಪರಿವರ್ತಕ ಅಗತ್ಯ.

ದೋಷಗಳಿಗೆ ಕಾರಣ

ಪ್ರೊಸೆಸರ್‌ನ ವೇಗ ಸುಮಾರು 1 ಮೆಗಾಹರ್ಟ್ಸ್. 2400 ವೇಗದಲ್ಲಿ ಒಂದು ಬಿಟ್‌ಗೆ ಸುಮಾರು 410 ಆವರ್ತಗಳು ದೊರೆತರೆ, 9600ರಲ್ಲಿ ದೊರೆಯುವುದು ಸುಮಾರು 100 ಮಾತ್ರ. ಇದಲ್ಲದೆ, ಅಕ್ಷರಗಳ ಪರದೆಯನ್ನು ಚಿತ್ರಿಸುವಾಗ ವಿಐಸಿ-2 ಚಿಪ್ ಪ್ರತಿ ಎಂಟನೆಯ ಗೆರೆಯಲ್ಲಿ 40ಕ್ಕೂ ಹೆಚ್ಚು ಆವರ್ತಗಳ ಕಾಲ ಪ್ರೊಸೆಸರನ್ನು ನಿಲ್ಲಿಸುತ್ತದೆ. ಇಷ್ಟು ವಿಳಂಬವಾದರೆ ಬಿಟ್‌ನ ಮೌಲ್ಯವನ್ನು ತಪ್ಪು ಕ್ಷಣದಲ್ಲಿ ಓದುವ ಸಂಭವವಿದೆ. ಡಿಸ್ಕ್ ಮತ್ತು ಟೇಪ್ ಬಳಕೆಗೂ ನಿಖರವಾದ ಸಮಯಪಾಲನೆ ಬೇಕಾಗಿರುವುದರಿಂದ ಅವುಗಳನ್ನು ಸಂವಹನದ ಜೊತೆಗೇ ನಡೆಸಲಾಗದು.

ಶಿಫ್ಟ್ ರಿಜಿಸ್ಟರ್ ವಿಧಾನ

ಸಿಐಎ ಚಿಪ್‌ಗಳಲ್ಲಿರುವ ಶಿಫ್ಟ್ ರಿಜಿಸ್ಟರ್‌ಗಳನ್ನು ಬಳಸಿ 9600 ವೇಗವನ್ನು ಸಾಧಿಸುವ ವಿಧಾನವು ಯುಪಿ9600 ಎಂದು ಪ್ರಸಿದ್ಧವಾಗಿದೆ. ಇದಕ್ಕಾಗಿ ಯೂಸರ್ ಪೋರ್ಟ್‌ನ ಕೆಲವು ಪಿನ್‌ಗಳನ್ನು ಪರಸ್ಪರ ಜೋಡಿಸಬೇಕು. ಆರಂಭದ ಬಿಟ್ ಬಂದೊಡನೆ ಟೈಮರನ್ನು ಚಾಲನೆಗೊಳಿಸಿದರೆ, ಉಳಿದ 8 ಬಿಟ್‌ಗಳನ್ನು ಚಿಪ್ ತಾನೇ ಸಂಗ್ರಹಿಸಿ ಬೈಟ್ ಪೂರ್ಣಗೊಂಡಾಗ ತಿಳಿಸುತ್ತದೆ. ಸಿಐಎ ಅತಿ ಹೆಚ್ಚು ಮೌಲ್ಯದ ಬಿಟ್ ಮೊದಲು ಬರುವುದೆಂದು ಭಾವಿಸುತ್ತದೆ. ಆರ್‌ಎಸ್-232ರಲ್ಲಿ ಕ್ರಮ ಇದಕ್ಕೆ ವಿರುದ್ಧ. ಹೀಗಾಗಿ ಪಡೆದ ಬೈಟ್‌ನ ಬಿಟ್‌ಗಳನ್ನು ತಂತ್ರಾಂಶವು ತಿರುವುಮುರುವು ಮಾಡಬೇಕಾಗುತ್ತದೆ.

ಕಾರ್ಟ್ರಿಡ್ಜ್‌ಗಳು

ಸ್ವಿಫ್ಟ್‌ಲಿಂಕ್ ಕಾರ್ಟ್ರಿಡ್ಜ್‌ನಲ್ಲಿ 6551 ಚಿಪ್ಪೇ ಇದೆ. ಗಡಿಯಾರದ ಸ್ಫಟಿಕದ ಆವರ್ತನವನ್ನು ದ್ವಿಗುಣಗೊಳಿಸಿ ಚಿಪ್‌ನ ಗರಿಷ್ಠ ವೇಗವನ್ನು 19,200ರಿಂದ 38,400ಕ್ಕೆ ಏರಿಸಲಾಗಿದೆ. ಆರಂಭ ಮತ್ತು ಅಂತ್ಯದ ಬಿಟ್‌ಗಳು ಸೇರಿ ಪ್ರತಿ ಬೈಟ್‌ಗೆ 10 ಬಿಟ್‌ಗಳು ಬೇಕು. ಆದ್ದರಿಂದ ಸೆಕೆಂಡಿಗೆ 3,840 ಬೈಟ್‌ಗಳು ಬರುತ್ತವೆ. ಒಂದೊಂದಕ್ಕೆ ಸುಮಾರು 256 ಆವರ್ತಗಳು ದೊರೆಯುತ್ತವೆ. ಮುಂದಿನ ಬೈಟ್ ಬಂದು ಸೇರುವ ಮೊದಲು ಹಿಂದಿನದನ್ನು ಓದದಿದ್ದರೆ ದತ್ತಾಂಶ ನಷ್ಟವಾಗುತ್ತದೆ. ಇದನ್ನು ತಪ್ಪಿಸಲು ಆರ್‌ಟಿಎಸ್ ಮತ್ತು ಸಿಟಿಎಸ್ ತಂತಿಗಳ ಮೂಲಕ ಹರಿವಿನ ನಿಯಂತ್ರಣ ನಡೆಯುತ್ತದೆ: ಗಣಕಯಂತ್ರವು ಸಿದ್ಧವಿಲ್ಲದಾಗ ಮೋಡೆಮ್ ಕಾಯುತ್ತದೆ.

ಟರ್ಬೊ232 ಕಾರ್ಟ್ರಿಡ್ಜ್ 2,30,400ರವರೆಗಿನ ವೇಗವನ್ನು ಒದಗಿಸುತ್ತದೆ. ಆ ವೇಗದಲ್ಲಿ ಪ್ರತಿ ಬೈಟ್‌ಗೆ ಉಳಿಯುವುದು ಸುಮಾರು 43 ಆವರ್ತಗಳು. ವಿಐಸಿ-2 ಚಿಪ್ ಒಮ್ಮೆಗೆ ಕಸಿದುಕೊಳ್ಳುವುದೂ ಸರಿಸುಮಾರು ಅಷ್ಟೇ. ಆದ್ದರಿಂದ ವೇಗವರ್ಧಕವಿಲ್ಲದ ಯಂತ್ರವು ಆ ವೇಗದಲ್ಲಿ ನಿರಂತರವಾಗಿ ದತ್ತಾಂಶವನ್ನು ಸ್ವೀಕರಿಸಲಾರದು.