ಗುಂಡಿನ ಪೆಟ್ಟಿಗೆಯ ಕೀಲಿ ಯಾರ ಕೈಲಿ?

ಕನಕಪುರದಿಂದ ಸಂಗಮಕ್ಕೆ ಹೋಗುವ ದಾರಿಯ ದೊಡ್ಡಆಲಹಳ್ಳಿ ಕಡೆ ಊರವರು ‘ಕುರುಕ್ಷೇತ್ರ’ ನಾಟಕ ಆಡಿದರೆ ಭೀಮನ ಗದೆ, ದುರ್ಯೋಧನನ ಕಿರೀಟ, ತಗಡಿನ ಕತ್ತಿ ಎಲ್ಲ ಬಾಡಿಗೆಯವು. ಬೆಳಕು ಹರಿಯುತ್ತಲೇ ಡ್ರಾಮಾ ಡ್ರೆಸ್ಸಿನವನು ಎಣಿಸಿ ಟ್ರಂಕಿಗೆ ತುಂಬುತ್ತಾನೆ. ಒಂದು ಕತ್ತಿ ಕಮ್ಮಿ ಬಿದ್ದರೆ ಜಗಳ. ಸಿನಿಮಾದಲ್ಲಿ ಈ ಕೆಲಸ ಮಾಡುವವನು ಆರ್ಮರರ್. ಅವನ ಲೆಕ್ಕ ತಪ್ಪಿದರೆ ಮಾತು ಜಗಳಕ್ಕೇ ಮುಗಿಯುವುದಿಲ್ಲ.

ದೂರ ಹೋಗಬೇಕಿಲ್ಲ. ರಾಮನಗರದ ಬಂಡೆಗಳ ನಡುವೆ ರಮೇಶ್ ಸಿಪ್ಪಿ 1973ರ ಅಕ್ಟೋಬರ್‌ನಲ್ಲಿ ‘ಶೋಲೆ’ ಚಿತ್ರೀಕರಣ ಶುರುಮಾಡಿದರು. ಕ್ಲೈಮ್ಯಾಕ್ಸಿನ ಒಂದು ಶಾಟ್: ಅಮಿತಾಭ್ ಬಚ್ಚನ್ ಗುಡ್ಡದ ಮೇಲೆ, ಧರ್ಮೇಂದ್ರ ಕೆಳಗೆ. ಪೆಟ್ಟಿಗೆಯಿಂದ ಗುಂಡು ಬಾಚಿಕೊಳ್ಳುವುದು ಸರಿಬಾರದೆ ರೇಗಿದ ಧರ್ಮೇಂದ್ರ, ಬಂದೂಕಿಗೆ ತುಂಬಿ ಹಾರಿಸಿಯೇಬಿಟ್ಟರಂತೆ. ಅದು ಅಸಲಿ ಗುಂಡು, ಕಿವಿಯ ಪಕ್ಕದಲ್ಲೇ ಸುಂಯ್ಯೆಂದು ಹೋಯಿತು ಎಂದು ‘ಕೌನ್ ಬನೇಗಾ ಕರೋಡ್‌ಪತಿ’ಯಲ್ಲಿ ಅಮಿತಾಭ್ ಅವರೇ ಹೇಳಿದರು. ಧರ್ಮೇಂದ್ರರ ಸಿಟ್ಟು ಹಾಗಿರಲಿ, ಅಸಲಿ ಗುಂಡು ಆ ಪೆಟ್ಟಿಗೆಯೊಳಗೆ ಏನು ಮಾಡುತ್ತಿತ್ತು?

ಸೆಟ್ಟಿಗೆ ಬರಬೇಕಾದ ತೋಟಾ ಎರಡೇ ಜಾತಿಯವು. ಬ್ಲಾಂಕಿನಲ್ಲಿ ಮದ್ದುಂಟು, ಮುಂದಿನ ಗುಂಡಿಲ್ಲ. ಬೆಂಕಿ, ಸದ್ದು ಬರುತ್ತದೆ. ಡಮ್ಮಿಯಲ್ಲಿ ಗುಂಡುಂಟು, ಮದ್ದಿಲ್ಲ, ಕ್ಲೋಸಪ್ಪಿಗೆ ಬೇಕು. ಎಷ್ಟೋ ಡಮ್ಮಿಗಳೊಳಗೆ ಪುಟಾಣಿ ಲೋಹದ ಗೋಲಿ ಇಟ್ಟಿರುತ್ತಾರೆ. ಆರ್ಮರರ್ ಒಂದೊಂದನ್ನೂ ಕಿವಿ ಹತ್ತಿರ ಅಲ್ಲಾಡಿಸಿ, ಗಲಗಲ ಅಂದರೆ ಮಾತ್ರ ತುಂಬುತ್ತಾನೆ. ನಳಿಗೆಯೊಳಗೆ ಟಾರ್ಚ್ ಬಿಟ್ಟು ನೋಡಿ, ನಟನಿಗೂ ತೋರಿಸುತ್ತಾನೆ. ಕಟ್ ಅಂದಕೂಡಲೇ ವಾಪಸ್ ಇಸಿದುಕೊಳ್ಳುತ್ತಾನೆ. ಹೀರೋಗೆ ಅದನ್ನು ಹಿಡಿದು ಸೆಲ್ಫಿ ಬೇಕಿದ್ದರೆ ಇವನು ಕೆಟ್ಟವನಾದ.

ಟಾರ್ಚ್ ಯಾಕೆಂದರೆ, 1993ರಲ್ಲಿ ‘ದಿ ಕ್ರೋ’ ಸೆಟ್ಟಿನಲ್ಲಿ ಡಮ್ಮಿಯ ಗುಂಡೊಂದು ಕಳಚಿ ನಳಿಗೆಯಲ್ಲೇ ಕೂತಿತ್ತು. ಆಮೇಲೆ ಹಾರಿಸಿದ ಬ್ಲಾಂಕ್ ಅದನ್ನು ಹೊರಗಟ್ಟಿ ನಟ ಬ್ರಾಂಡನ್ ಲೀ ಸತ್ತ. ಬರೀ ಬ್ಲಾಂಕೂ ಆಟದ ಸಾಮಾನಲ್ಲ: 1984ರಲ್ಲಿ ಅಮೆರಿಕದ ನಟ ಜಾನ್ ಎರಿಕ್ ಹೆಕ್ಸಮ್ ತಮಾಷೆಗೆಂದು ಬ್ಲಾಂಕ್ ತುಂಬಿದ ಬಂದೂಕನ್ನು ಕಣತಲೆಗೆ ಇಟ್ಟು ಒತ್ತಿಕೊಂಡು ಜೀವ ಕಳೆದುಕೊಂಡ. 2021ರಲ್ಲಿ ‘ರಸ್ಟ್’ ಸೆಟ್ಟಿನಲ್ಲಿ ಅಸಲಿ ಗುಂಡಿಗೆ ಛಾಯಾಗ್ರಾಹಕಿ ಹಲೀನಾ ಹಚಿನ್ಸ್ ಬಲಿಯಾದರು. ಆರ್ಮರರ್ ಜೈಲಿಗೆ ಹೋದಳು.

ನನ್ನ ಲೆಕ್ಕದಲ್ಲಿ ಈ ಹುದ್ದೆಯ ಬೆಲೆ ಇರುವುದು ‘ಶಾಟ್ ಬೇಡ’ ಅನ್ನುವ ಅಧಿಕಾರದಲ್ಲಿ. ಬಂದೂಕಿಲ್ಲದ ಶಾಟಿಗೂ ಅಂಥವನೊಬ್ಬ ಬೇಕು. 2016ರ ನವೆಂಬರ್ 7ರಂದು ‘ಮಾಸ್ತಿಗುಡಿ’ ಚಿತ್ರಕ್ಕಾಗಿ ತಿಪ್ಪಗೊಂಡನಹಳ್ಳಿ ಜಲಾಶಯಕ್ಕೆ ಹೆಲಿಕಾಪ್ಟರಿನಿಂದ ಧುಮುಕಿದ ನಟರಾದ ಅನಿಲ್, ಉದಯ್ ಲೈಫ್ ಜಾಕೆಟ್ ಇಲ್ಲದೆ ಮುಳುಗಿಹೋದರು.

ಈಗೀಗ ಬಂದೂಕಿನ ಬೆಂಕಿಯನ್ನು ಕಂಪ್ಯೂಟರಿನಲ್ಲೇ ಹಚ್ಚುವುದು ಹೆಚ್ಚಿದೆ. ಆದರೆ ಆಗ ನಟನ ಕೈಲಿರುವ ರಬ್ಬರ್ ಬಂದೂಕು ಹಿಂದಕ್ಕೆ ಒದೆಯುವುದಿಲ್ಲವಲ್ಲ! ಭುಜ ಎಷ್ಟು ಜಗ್ಗಬೇಕು, ಕಣ್ಣು ಪಿಳುಕಿಸದೆ ಹೇಗಿರಬೇಕು ಎಂದು ನಟನಿಗೆ ಹೇಳಿಕೊಡಲು ಇಂದಿಗೂ ಅಸಲಿಯನ್ನು ಹಿಡಿದು ಪಳಗಿದವರನ್ನೇ ಕರೆಯಬೇಕು.