ಗೆದ್ದವರಿಗೂ ಉಂಟು ಪರೀಕ್ಷೆ

ದಶಲಕ್ಷಣ ಧರ್ಮಗಳಲ್ಲಿ ಎರಡನೆಯದು ಉತ್ತಮ ಮಾರ್ದವ. ಮಾನಕಷಾಯ ಕರಗಿದಾಗ ಆತ್ಮದಲ್ಲಿ ಮೂಡುವ ಮೃದುತ್ವವೇ ಅದು. ಚದುರಂಗದ ಒಂದು ಆಟ ಅದರ ಅರ್ಥವನ್ನು ನಮಗೆ ತಿಳಿಸಬಲ್ಲುದು.

2025ರ ಜೂನ್ 1ರಂದು ನಾರ್ವೆಯ ಸ್ಟಾವೆಂಜರ್ ನಗರದಲ್ಲಿ 19 ವರ್ಷದ ವಿಶ್ವ ಚಾಂಪಿಯನ್ ಡಿ. ಗುಕೇಶ್, ರೇಟಿಂಗ್‌ನಲ್ಲಿ ತಮಗಿಂತ ಮೇಲಿದ್ದ ಮ್ಯಾಗ್ನಸ್ ಕಾರ್ಲ್‌ಸನ್ ಅವರನ್ನು ಎದುರಿಸಿದರು. ಅದೇ ಪಂದ್ಯಾವಳಿಯ ಮೊದಲ ಸುತ್ತಿನಲ್ಲಿ ಅವರಿಗೇ ಸೋತಿದ್ದರು. ಈ ಆಟದಲ್ಲಿಯೂ ಬಹುಹೊತ್ತು ಸೋಲಿನ ಅಂಚಿನಲ್ಲಿದ್ದರು, ಆದರೆ ಧೃತಿಗೆಡಲಿಲ್ಲ. ಕೊನೆಗೆ ಸಮಯದ ಒತ್ತಡದಲ್ಲಿ ಕಾರ್ಲ್‌ಸನ್ ನಡೆ ತಪ್ಪಿದರು; ಗುಕೇಶ್ ಗೆದ್ದರು.

ಸೋತವರ ಮುಷ್ಟಿ ಮೇಜನ್ನು ಬಡಿಯಿತು, ಕಾಯಿಗಳು ಉರುಳಿದವು. ಮಾನಕ್ಕೆ ಪೆಟ್ಟು ಬಿದ್ದಲ್ಲಿ ಕ್ರೋಧ ತಲೆಯೆತ್ತುವುದು ಸಂಸಾರಿ ಜೀವಿಗಳೆಲ್ಲರ ಸ್ಥಿತಿ. ಆದರೆ ಅವರು ಕೂಡಲೇ ಕ್ಷಮೆ ಕೋರಿದರು, ಅದು ದೊಡ್ಡತನ. ಇತ್ತ ಗುಕೇಶ್, ಇಂಥ ಸ್ಥಿತಿಯಲ್ಲಿ 100ಕ್ಕೆ 99 ಬಾರಿ ಸೋಲು ತಮ್ಮದೇ ಆಗುತ್ತಿತ್ತೆಂದು ಒಪ್ಪಿಕೊಂಡರು.

ಅಷ್ಟಮದಗಳಲ್ಲಿ ಜ್ಞಾನಮದವೂ ಒಂದು. ಸೋತವರ ಮಾನ ಕ್ರೋಧವಾಗಿ ಹೊರಗೆ ಕಾಣುತ್ತದೆ. ಗೆದ್ದವರ ಮಾನವಾದರೋ ಯಾರಿಗೂ ಕಾಣದೆ ಒಳಗೇ ಬೆಳೆಯುತ್ತದೆ. ಆದುದರಿಂದ ಶ್ರಾವಕರಾದ ನಾವು ಸಾಮಾಯಿಕಕ್ಕೆ ಕುಳಿತಾಗ ಸೋಲಿನ ನೋವನ್ನು ಮಾತ್ರವಲ್ಲ, ಗೆಲುವಿನ ಬಿಗುಮಾನವನ್ನೂ ಶೋಧಿಸಿಕೊಳ್ಳೋಣ.