ಕಂಪ್ಯೂಟರ್ ಏಳುತ್ತಿಲ್ಲವೇ? ಗಾಬರಿ ಬೇಡ

ಸಾಫ್ಟ್‌ವೇರ್ ಇಂಜಿನಿಯರ್ ಎಂದು ಹೇಳಿಕೊಂಡವನಿಗೆ ಯುಗಾದಿ ಊಟದ ಸಾಲಿನಲ್ಲಿ ತಪ್ಪದೆ ಎದುರಾಗುವ ಪ್ರಶ್ನೆ ಒಂದಿದೆ: "ನಮ್ಮನೆ ಕಂಪ್ಯೂಟರ್ ಆನ್ ಆಗ್ತಿಲ್ಲ, ಸ್ವಲ್ಪ ನೋಡ್ತೀರಾ?" ನಾನು ಪ್ರೋಗ್ರಾಂ ಬರೆಯುವವನು, ಸ್ಕ್ರೂಡ್ರೈವರ್ ಹಿಡಿಯುವುದನ್ನು ಇಂಜಿನಿಯರಿಂಗ್ ಕಾಲೇಜಿನಲ್ಲಿ ಯಾರೂ ಕಲಿಸಲಿಲ್ಲ ಎಂದರೆ ಯಾರೂ ನಂಬುವುದಿಲ್ಲ. ಹಾಗಾಗಿ ಕಲಿತೆ. ಕಲಿತದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ಒಂದು ರಾತ್ರಿ ಮೆಲ್ಬರ್ನ್‌ನ ಗೆಳೆಯ ಸಿಡ್ನಿಗೆ ಫೋನ್ ಮಾಡಿದ. ಮನೆಯ ಹಳೆಯ ಕಂಪ್ಯೂಟರ್ ಶುರುವಾಗುತ್ತಿಲ್ಲ, ಅಂಗಡಿಯವರು ಎಲ್ಲವನ್ನೂ ಅಳಿಸಿ ಹೊಸದಾಗಿ ವಿಂಡೋಸ್ ಹಾಕಿಕೊಡುತ್ತೇವೆ ಅಂದಿದ್ದಾರಂತೆ. ಅವನ ತಂದೆ ಇಲ್ಲಿಗೆ ಬಂದು ಮೂರು ತಿಂಗಳು ಇದ್ದಾಗಿನ ಫೋಟೋಗಳು, ಮೊಮ್ಮಗಳಿಗೆ ಕಥೆ ಹೇಳುತ್ತಿದ್ದ ವಿಡಿಯೋ ಎಲ್ಲವೂ ಅದರೊಳಗೇ ಇದ್ದವು. ತಂದೆ ಈಗಿಲ್ಲ. ಇನ್ನೊಂದು ಪ್ರತಿಯೂ ಇಲ್ಲ. "ಬೆಳಿಗ್ಗೆ ಕೊಟ್ಟುಬಿಡಲೇನೋ?" ಎಂದ. "ತಡಿ ಮಾರಾಯ, ನೆಗಡಿ ಆಯ್ತು ಅಂತ ಮೂಗು ಕೊಯ್ದುಕೊಳ್ಳಬೇಡ" ಎಂದೆ.

ಮೊದಲು ತಿಳಿಯಬೇಕಾದ್ದು ಇಷ್ಟೇ. ವಿಂಡೋಸ್ ಬೇರೆ, ನಿಮ್ಮ ಫೋಟೋ, ಕಾಗದಪತ್ರಗಳು ಬೇರೆ. ಮುಂಬಾಗಿಲ ಬೀಗ ಕೆಟ್ಟ ಮಾತ್ರಕ್ಕೆ ಒಳಗಿರುವ ಟ್ರಂಕು ಕಳೆದುಹೋಗುವುದಿಲ್ಲ.

ಗುಂಡಿ ಒತ್ತಿದಾಗ ನಾಲ್ಕು ಕೆಲಸಗಳು ಸಾಲಾಗಿ ನಡೆಯುತ್ತವೆ. ವಿದ್ಯುತ್ ಒಳಗೆ ಬರುತ್ತದೆ. ಮದರ್‌ಬೋರ್ಡ್ ತನ್ನ ಮೆಮೊರಿ ಮುಂತಾದುವನ್ನು ಪರೀಕ್ಷಿಸುತ್ತದೆ. ಆಮೇಲೆ ಡಿಸ್ಕನ್ನು ಹುಡುಕುತ್ತದೆ. ಕೊನೆಗೆ ಡಿಸ್ಕಿನಿಂದ ವಿಂಡೋಸ್ ಎದ್ದು ಬರುತ್ತದೆ. ಎಲ್ಲಿ ನಿಂತಿದೆ ಎಂದು ಕಂಡುಕೊಂಡರೆ ಅರ್ಧ ರಿಪೇರಿ ಆದಂತೆ.

1. ದೀಪವೂ ಇಲ್ಲ, ಸದ್ದೂ ಇಲ್ಲ: ಪವರ್ ಬೋರ್ಡ್ ಬಿಟ್ಟು ನೇರವಾಗಿ ಗೋಡೆಯ ಪ್ಲಗ್ಗಿಗೆ ಹಾಕಿ ನೋಡಿ. ಡೆಸ್ಕ್‌ಟಾಪ್ ಆದರೆ ಹಿಂಬದಿಯಲ್ಲಿ ಇನ್ನೊಂದು ಸ್ವಿಚ್ ಇರುತ್ತದೆ, ಮನೆ ಗುಡಿಸುವಾಗ ಕೈತಾಗಿ ಆಫ್ ಆಗಿರಬಹುದು. ಲ್ಯಾಪ್‌ಟಾಪ್ ಆದರೆ ಚಾರ್ಜರ್ ಕಿತ್ತು, ಪವರ್ ಗುಂಡಿಯನ್ನು ಅರ್ಧ ನಿಮಿಷ ಒತ್ತಿ ಹಿಡಿದು, ಮತ್ತೆ ಚಾರ್ಜರ್ ಹಾಕಿ ಪ್ರಯತ್ನಿಸಿ. ಬ್ಯಾಟರಿ ಉಬ್ಬಿದ್ದರೆ ಮಾತ್ರ ಚಾರ್ಜ್ ಮಾಡಲೇಬೇಡಿ. ಪವರ್ ಸಪ್ಲೈ ಪೆಟ್ಟಿಗೆಯನ್ನೂ ಬಿಚ್ಚಬೇಡಿ, ಪ್ಲಗ್ ಕಿತ್ತ ಮೇಲೂ ಅದರೊಳಗೆ ಶಾಕ್ ಹೊಡೆಯುವಷ್ಟು ವಿದ್ಯುತ್ ಉಳಿದಿರುತ್ತದೆ.

2. ಫ್ಯಾನ್ ತಿರುಗುತ್ತದೆ, ಪರದೆ ಕಪ್ಪು: ಮಾನಿಟರ್ ಕೇಬಲ್ ನೋಡಿ. ಅದು ಸರಿಯಿದ್ದರೆ, ಡೆಸ್ಕ್‌ಟಾಪಿನ ಪ್ಲಗ್ ಕಿತ್ತು, ಲೋಹದ ಕವಚವನ್ನು ಮುಟ್ಟಿ ಮೈಯಲ್ಲಿನ ಸ್ಥಾಯೀ ವಿದ್ಯುತ್ತನ್ನು ಕಳೆದುಕೊಂಡು, ಮೆಮೊರಿ ಪಟ್ಟಿಗಳನ್ನು ತೆಗೆದು ಗಟ್ಟಿಯಾಗಿ ಕೂರಿಸಿ. ಎರಡಿದ್ದರೆ ಒಂದೊಂದನ್ನೇ ಹಾಕಿ ನೋಡಿ.

3. ಡಿಸ್ಕ್ ಸಿಗುತ್ತಿಲ್ಲ ಎಂಬ ಸಂದೇಶ: ಯುಎಸ್‌ಬಿಗೆ ಸಿಕ್ಕಿಸಿದ ಪೆನ್‌ಡ್ರೈವ್ ಮುಂತಾದ್ದನ್ನೆಲ್ಲ ತೆಗೆಯಿರಿ, ಕಂಪ್ಯೂಟರ್ ಅದರಲ್ಲೇ ವಿಂಡೋಸ್ ಹುಡುಕುತ್ತಿರಬಹುದು. ಹಳೆಯ ಹಾರ್ಡ್‌ಡಿಸ್ಕಿನಿಂದ 'ಟಕ್ ಟಕ್' ಸದ್ದು ಬಂದರೆ ತಕ್ಷಣ ಆಫ್ ಮಾಡಿ. ಪ್ರತಿ ಸಲ ಆನ್ ಮಾಡಿದಾಗಲೂ ಉಳಿದದ್ದೂ ಹಾಳಾಗಬಹುದು. ಒಳಗಿರುವುದು ಮುಖ್ಯವಾದರೆ ಡೇಟಾ ತೆಗೆದುಕೊಡುವ ಪರಿಣತರಿಗೆ ಕೊಡಿ.

4. ವಿಂಡೋಸ್ ಚಿಹ್ನೆ ಬಂದು ಅಲ್ಲೇ ನಿಲ್ಲುತ್ತದೆ, ಅಥವಾ ಮತ್ತೆ ಮತ್ತೆ ಮೊದಲಿನಿಂದ ಶುರುವಾಗುತ್ತದೆ: ಚಿಹ್ನೆ ಕಂಡಾಗ ಪವರ್ ಗುಂಡಿ ಒತ್ತಿ ಹಿಡಿದು ಆಫ್ ಮಾಡಿ. ಹೀಗೆ ಎರಡು ಮೂರು ಸಲ ಮಾಡಿದರೆ ರಿಕವರಿ ಪರದೆ ಬರುತ್ತದೆ. ಅಲ್ಲಿ ಮೊದಲು 'ಸ್ಟಾರ್ಟ್‌ಅಪ್ ರಿಪೇರ್', ಆಗದಿದ್ದರೆ 'ಸೇಫ್ ಮೋಡ್'.

2024ರ ಜುಲೈ 19, ಶುಕ್ರವಾರ ಮಧ್ಯಾಹ್ನ ನೆನಪಿದೆಯೇ? ಸೂಪರ್‌ಮಾರ್ಕೆಟ್ ಕೌಂಟರುಗಳು ನಿಂತವು, ವಿಮಾನ ನಿಲ್ದಾಣಗಳಲ್ಲಿ ನೀಲಿ ಪರದೆಗಳು. ಕ್ರೌಡ್‌ಸ್ಟ್ರೈಕ್ ಕಂಪನಿ ಕಳಿಸಿದ ಒಂದು ದೋಷಪೂರಿತ ಫೈಲಿನಿಂದ, ಮೈಕ್ರೋಸಾಫ್ಟ್ ಅಂದಾಜಿನಂತೆ, ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಮಲಗಿದವು. ಯಂತ್ರ ಕೆಟ್ಟಿರಲಿಲ್ಲ, ಡೇಟಾ ಹೋಗಿರಲಿಲ್ಲ. ಸೇಫ್ ಮೋಡಿನಲ್ಲಿ ಹೋಗಿ ಆ ಒಂದು ಫೈಲನ್ನು ಅಳಿಸುವುದೇ ಮದ್ದಾಗಿತ್ತು. ಆದರೆ ಬಿಟ್‌ಲಾಕರ್ ಬೀಗವಿದ್ದ ಯಂತ್ರಗಳು ಮೊದಲು 48 ಅಂಕಿಗಳ ಕೀ ಕೇಳಿದವು. ಅನೇಕ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಈ ಬೀಗ ನಮಗೆ ಗೊತ್ತಿಲ್ಲದೆಯೇ ಬಿದ್ದಿರುತ್ತದೆ. ಕೀ ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಅಕೌಂಟಿನಲ್ಲಿರುತ್ತದೆ. ಕಂಪ್ಯೂಟರ್ ಚೆನ್ನಾಗಿರುವ ಇವತ್ತೇ ಅದನ್ನು ಕಾಗದದಲ್ಲಿ ಬರೆದಿಡಿ.

ಎರಡು ಎಚ್ಚರಿಕೆಗಳು. 'ರೀಸೆಟ್' ಮಾಡುವಾಗ ಫೈಲುಗಳನ್ನು ಉಳಿಸುವ ಆಯ್ಕೆ ಬೇರೆ, ಎಲ್ಲ ಅಳಿಸುವ ಆಯ್ಕೆ ಬೇರೆ. ಓದಿ ಒತ್ತಿ. ಇನ್ನು ಪರದೆಯ ಮೇಲೆ 'ಈ ನಂಬರಿಗೆ ಫೋನ್ ಮಾಡಿ' ಎಂದು ಬಂದರೆ ಅದು ಮೋಸ. ಮೈಕ್ರೋಸಾಫ್ಟಿನ ನಿಜವಾದ ದೋಷ ಸಂದೇಶದಲ್ಲಿ ಫೋನ್ ನಂಬರ್ ಇರುವುದಿಲ್ಲ. ಊರಿಂದ ಬಂದಿರುವ ಅಪ್ಪ ಅಮ್ಮನಿಗೂ ಇದನ್ನು ಹೇಳಿಡಿ.

ಗೆಳೆಯನದು ನಾಲ್ಕನೆಯ ಬಗೆ. ಸ್ಟಾರ್ಟ್‌ಅಪ್ ರಿಪೇರಿಗೂ ಜಗ್ಗಲಿಲ್ಲ, ಸೇಫ್ ಮೋಡೂ ಬರಲಿಲ್ಲ. ಆಗ ಮಗಳ ಲ್ಯಾಪ್‌ಟಾಪಿನಲ್ಲಿ ಉಬುಂಟು ಎಂಬ ಉಚಿತ ಲಿನಕ್ಸನ್ನು ಒಂದು ಖಾಲಿ ಪೆನ್‌ಡ್ರೈವಿಗೆ ಹಾಕಿಸಿದೆ. ಕೆಟ್ಟ ಕಂಪ್ಯೂಟರನ್ನು ಅದರಿಂದಲೇ ಶುರು ಮಾಡಿ, 'ಇನ್‌ಸ್ಟಾಲ್' ಒತ್ತದೆ 'ಟ್ರೈ' ಒತ್ತಲು ಹೇಳಿದೆ. 'ಇನ್‌ಸ್ಟಾಲ್' ಒತ್ತಿದರೆ ಡಿಸ್ಕೇ ಅಳಿಸಿಹೋಗುವ ಅಪಾಯವಿದೆ. ಡಿಸ್ಕಿಗೆ ಬಿಟ್‌ಲಾಕರ್ ಇರಲಿಲ್ಲ, ಫೋಲ್ಡರುಗಳೆಲ್ಲ ಕಂಡವು. ಹೊರಗಿನ ಹಾರ್ಡ್‌ಡಿಸ್ಕಿಗೆ ನಕಲು ಮಾಡಿ ಮುಗಿಸುವಾಗ ರಾತ್ರಿ ಎರಡು ಗಂಟೆ. ಸರಿಯಾಗಿ ಬಂದಿದೆಯೇ ನೋಡಲು ಅವನು ಒಂದು ವಿಡಿಯೋ ತೆರೆದ. "ಒಂದೂರಲ್ಲಿ ಒಬ್ಬ ರಾಜ ಇದ್ದ ಪುಟ್ಟಿ..." ಎಂಬ ದನಿ ಫೋನಿನಲ್ಲಿ ನನಗೂ ಕೇಳಿಸಿತು. ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಮಾರನೆಯ ದಿನ ಕಂಪ್ಯೂಟರನ್ನು ಅಂಗಡಿಗೆ ಕೊಟ್ಟ. ಎಲ್ಲ ಅಳಿಸಿ ಹೊಸದಾಗಿ ಹಾಕಿಕೊಟ್ಟರು. ಈಗ ಅಳಿಸಿದರೆ ನಷ್ಟವೇನು?

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬ ಗಾದೆ ನಮ್ಮದಾಗದಿರಲಿ. ಈ ಶನಿವಾರ ಒಂದು ಗಂಟೆ ಬಿಡುವು ಮಾಡಿಕೊಂಡು ಫೋಟೋಗಳ ಎರಡು ಪ್ರತಿ ಮಾಡಿ. ಒಂದು ಹೊರಗಿನ ಡಿಸ್ಕಿನಲ್ಲಿ, ಇನ್ನೊಂದು ಇಂಟರ್ನೆಟ್ಟಿನಲ್ಲೋ ಊರಿನ ಅಣ್ಣನ ಮನೆಯಲ್ಲೋ ಇರಲಿ. ಮುಂದಿನ ಸಲ ಊಟದ ಸಾಲಿನಲ್ಲಿ ಸಿಕ್ಕಾಗ ಕಂಪ್ಯೂಟರ್ ಬಿಟ್ಟು ಹೋಳಿಗೆಯ ಬಗ್ಗೆ ಮಾತಾಡೋಣ!